ಮಗ್ಗಲು

ಕಿಮ್ಸ್‌ನಿಂದ ಗದಗ ರೋಡಿನ ರೈಲ್ವೆ ಕ್ವಾರ್ಟರ್ಸಿಗೆ ಕರಕೊಂಡು ಬಂದ ದಿನ
ಆಂಬುಲೆನ್ಸಿನ ಹುಡುಗ ಕೇಳಿದ: ಎಲ್ಲಿಡೋಣ್ರಿ?
ಇಡೂದಂದ್ರ? ತಿಜೋರಿಯೇನು?
ಇಪ್ಪತ್ತಾರು ವರ್ಷ ಈ ಮನ್ಯಾಗ
ಯಾವ ಡಬ್ಬಿ ಎಲ್ಲಿಡಬೇಕಂತ
ಕಸ್ತೂರೀನ ಹೇಳತಿದ್ಲು.

ಹೊಲಿಗಿ ಮಷೀನ್ ಸರಿಸಿ ಪಡಸಾಲ್ಯಾಗ
ಬಾಡಿಗಿ ಮಂಚ ಹಾಕಿದ್ವಿ, ಹಿಡಿಕಿ ತಿರುವೂದು.
ನಾ ವರ್ಕ್‌ಶಾಪಿನ ಫಿಟ್ಟರ್.
ಹಿಡಿಕಿಗೆ ಎಣ್ಣಿ ಬಿಟ್ಟೆ.
ನನಗ ಗೊತ್ತಿದ್ದದ್ದು ಅಷ್ಟ.

ಮರುದಿನ ಎಂಟಕ್ಕ ಹಸೀನಾ ನದಾಫ್ ಬಂದ್ಲು,
ಸ್ಕೂಟಿ ಮ್ಯಾಲೆ, ಬೆನ್ನಿಗೊಂದು ಚೀಲ.
ರೊಕ್ಕ ಕೊಟ್ರ ಅವರು ಮಾಡತಾರ,
ನಾವು ಕುಂತು ನೋಡೂದು, ಅಂತ ತಿಳಕೊಂಡಿದ್ದೆ.
ಅಕಿ ಕೈ ತೊಳಕೊಂಡು ಬಂದು ಮೊದಲ ಅಂದದ್ದು:
ನೀವೂ ತೊಳಕೊಂಡು ಬರ್ರಿ.
ನಾ ದಿನಕ್ಕ ಒಂದು ತಾಸು.
ಉಳದ ಇಪ್ಪತ್ಮೂರೂ ನಿಮ್ಮವು.

ಆಮ್ಯಾಲೆ ಹಾಸಿಗಿ ನೋಡಿದ್ಲು. ಕೌದಿ ತಗೀರಿ ಅಂದ್ಲು.

ನನ್ನ ಹಳೇ ಖಾಕಿ, ಮಗಳ ಸಾಲಿ ಲಂಗ,
ಅವರವ್ವನ ಇಳಕಲ್ ಸೀರಿ ತುಂಡು,
ಮೂರು ಚಳಿಗಾಲ ಕಸ್ತೂರಿ ಹೊಲಿದದ್ದು.
ಮಡಚಾಕ ಹೋದ್ರ ಮೂಲ್ಯಾಗ
ಸೂಜಿ ಹಂಗ ಚುಚ್ಚಿತ್ತು, ದಾರ ಸಮೇತ.
ಹಸೀನಾ ಸೂಜಿ ನೋಡಿದ್ಲು, ನನ್ನ ನೋಡಿದ್ಲು.

ನಮ್ಮಜ್ಜ ಹತ್ತಿ ಹಿಂಜತಿದ್ದ, ಅಂದ್ಲು,
ಬಿಲ್ಲು ಹೊತ್ತು ಓಣಿ ಓಣಿ.
ಗಾದ್ಯಾಗ ಒಂದು ಗಂಟು ಉಳದ್ರ
ಮದುಮಗಳು ಬಯ್ಯತಾಳ ಅಂತಿದ್ದ.
ಇಲ್ಲಿ ಬಯ್ಯಾಕ ಬಾಯಿಲ್ಲ.
ಚರ್ಮ ಬಯ್ಯತೈತಿ,
ಎಂಟು ದಿನದ ಮ್ಯಾಲೆ, ಕೆಂಪಗ.

ಕಲತೆ.
ಮೂಗಿನ ನಳಗಿ ಮ್ಯಾಲೆ ಪೆನ್ನಿನ ಗೆರಿ:
ಗೆರಿ ಸರಿದಿದ್ರ ಹನಿ ನೀರೂ ಹಾಕಬ್ಯಾಡ್ರಿ, ಫೋನ್ ಹಚ್ರಿ.
ಜ್ವಾಳದ ಗಂಜಿ ಎರಡು ಸಲ ಸೋಸೂದು.
ಗಂಜಿ ಆದ ಮ್ಯಾಲೆ ಅರ್ಧ ತಾಸು
ಹಿಡಿಕಿ ಮುಟ್ಟೂದಲ್ಲ.
ಡೈಪರ್ ಬದಲಸೂದು ನೋಡಿ ನೆಗೆಣ್ಣಿ
ಸೆರಗು ಬಾಯಿಗೆ ಹಚ್ಚಿ ಹೊರಗ ಹೋದ್ಲು.
ಇಂಜಿನ್ನಿನ ಹೊಟ್ಟ್ಯಾಗ ಕೈ ಹಾಕಿದಾಂವ ನಾ,
ಗ್ರೀಸಿಗೆ ಎಂದೂ ಹೇಸಿಲ್ಲ.
ಇದಕ್ಕ ಮೊದಲ ದಿನ ಕೈ ನಡುಗಿತು,
ನಾಕನೇ ದಿನ ನಡುಗಲಿಲ್ಲ.
ಇದನ್ನ ಯಾರ ಮುಂದೂ ಹೇಳಿಲ್ಲ.

ಮಗಳು ಸುಮಿತ್ರಾ ಉದ್ದನ್ನ ವಹ್ಯಾಗ ಗೆರಿ ಹೊಡದ್ಲು.
ಎರಡು ತಾಸಿಗೊಮ್ಮೆ: ಎಡ. ಬೆನ್ನು. ಬಲ.
ರಾತ್ರಿ ಎರಡಕ್ಕ ಅಲಾರಾಂ ಬೇಕಿಲ್ಲ,
ಯಾರ್ಡಿನ್ಯಾಗ ಗೂಡ್ಸ್ ಡಬ್ಬಿ ಕೂಡತಾವ, ಖಣ್ಣಂತ.
ತೋಳಿನ ಕೆಳಗ ಒಂದು ಕೈ, ಟೊಂಕಕ್ಕ ಒಂದು ಕೈ.
ಅಕಿ ಕಣ್ಣು ಬಿಡತಾಳ. ನೋಡತಾಳೋ ಇಲ್ಲೋ.
ಎಡಕ್ಕ, ಕಸ್ತೂರಿ, ಅಂತೀನಿ,
ಎಷ್ಟೋ ವರ್ಷ ಹೆಸರು ಹಿಡದು ಕರೆದಿರಲಿಲ್ಲ.

ಒಂದು ರಾತ್ರಿ ಡಬ್ಬಿ ಕೂಡಿದ್ದು ಕೇಳಲಿಲ್ಲ ನನಗ.
ಎದ್ದಾಗ ಬೆಳಕು ಹರದಿತ್ತು.
ವಹ್ಯಾಗ ಎರಡಕ್ಕ 'ಬಲ', ನಾಕಕ್ಕ 'ಎಡ' ಅಂತ ಬರದೆ,
ಎರಡು ಬ್ಯಾರೆ ಬ್ಯಾರೆ ಪೆನ್ನಿಲೆ.

ಹಸೀನಾ ಬೆನ್ನು ಹೊಳ್ಳಿಸಿದ್ಲು.
ಟೊಂಕದ ಎಲುವಿನ ಮ್ಯಾಲೆ ರೂಪಾಯಿಯಷ್ಟು ಕೆಂಪು.
ಬಟ್ಟಿಲೆ ಒತ್ತಿದ್ಲು. ಬೆಳ್ಳಗಾತು, ಮತ್ತ ಕೆಂಪಾತು.
ಇನ್ನೂ ಹೊತ್ತು ಮೀರಿಲ್ಲ, ಅಂದ್ಲು.
ವಹಿ ತೆಗೆದು ನೋಡಿದ್ಲು, ಬಾಳ ಹೊತ್ತು.

ಸುಳ್ಳು ಬರೀಬ್ಯಾಡ್ರಿ. ಮಲಗಿದ್ದೆ ಅಂತ ಬರೀರಿ.
ಅಂದಾಕಿ ಪಟ್ಟಿ ಇಟ್ಟು ಇನ್ನೊಂದು ಗೆರಿ ಹೊಡದ್ಲು,
ಮ್ಯಾಲೆ ಬರದ್ಲು: 'ಇವರ ನಿದ್ದಿ'.
ಇದೂ ತುಂಬಬೇಕು. ನಾ ದಿನಾ ನೋಡತೀನಿ.

ಈಗ ಹನ್ನೆರಡರಿಂದ ನಾಕರತನಕ ಮಗಳದು ಪಾಳಿ.
ನಾ ಮಂಚದ ಬುಡಕ, ಕೌದಿ ಹೊತ್ಕೊಂಡು.
ಸೂಜಿ ಯಾರೂ ತಗದಿಲ್ಲ.
ಆ ಮೂಲಿ ಕಾಲಕಡೆ ಬರೂಹಂಗ ಹೊದೀತೀನಿ.
ಖಣ್ಣಂತೈತಿ ಯಾರ್ಡು.
ಮ್ಯಾಲೆ ಸುಮಿತ್ರಾನ ಬಳಿ ಸಪ್ಪಳ: ಎಡಕ್ಕ, ಯವ್ವಾ.
ಕೆಳಗ ನಾನೂ ಹೊಳ್ಳತೀನಿ ಬಲಕ್ಕ,
ಯಾರೂ ಮುಟ್ಟದ,
ನನ್ನಷ್ಟಕ್ಕ ನಾನ.